ಸೀರೆಯ ಫೋಟೋ ಕೆಳಗೆ

ಕುಷ್ಟಗಿ ಬಸ್ ನಿಲ್ದಾಣದಲ್ಲಿ ನನ್ನ ಹಿಂದಿನ ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಒಬ್ಬರು ಸೀರೆ ಅಂಗಡಿಯ ಸಾವುಕಾರರು. ಇನ್ನೊಬ್ಬಳು ಅವರ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟ ಮಹೇಶ್ವರಿ.

“ನಮ್ಮ ಸೈಟಿನ ಮ್ಯಾಲೆ ದೂರು ಹೇಳಿದಾಕಿಗೆ ಕಣ್ಣು ಕಾಣೂದಿಲ್ಲಂತಿ. ಕಣ್ಣು ಕಾಣದಾಕಿ ಮೊಬೈಲಿನ್ಯಾಗ ಸೀರಿ ಹೆಂಗ ನೋಡ್ತಾಳವಾ? ಇದರಾಗ ಏನೋ ಮಸಲತ್ತು ಐತಿ.”

“ನೋಡೂದಿಲ್ರಿ ಸಾವ್ಕಾರ್ರ, ಕೇಳ್ತಾರ. ಬರದದ್ದನ್ನ ಮೊಬೈಲು ಓದಿ ಹೇಳ್ತೈತಿ. ನಮ್ಮ ಸೈಟಿನ್ಯಾಗ ಸೀರಿ ಫೋಟೋ ಕೆಳಗ ಏನೂ ಬರದಿಲ್ಲ. ಅದಕ್ಕ ಬರೇ ‘ಫೋಟೋ, ಫೋಟೋ’ ಅಂತೈತಂತ.”

“ಆಕಿನ್ನ ಎದುರಂಗಡಿಯವ್ರ ಕಳಸಿರಬೇಕು.”

“ಹಿಟ್ನಾಳದಾಗ ಸಾಲಿ ಟೀಚರ್ ಅದಾರ್ರಿ, ಪಕೀರಮ್ಮ ಅಂತ. ನಾನ ಮಾತಾಡೀನಿ.”

“ಆತು, ಬರಿ. ಹಸರು ಒಡಲು, ಕೆಂಪು ದಡಿ, ಇಳಕಲ್ ಸೀರಿ. ಸಾಕಲ್ಲ?”

“ಇನ್ನೊಂದು ಕೇಳ್ಯಾರ್ರಿ. ಕೈಮಗ್ಗದ್ದೋ, ಮಷೀನಿಂದೋ ಅನ್ನೂದನ್ನೂ ಬರೀಬೇಕಂತ.”

ಸಾವುಕಾರರು ಚೀಲದ ಜಿಪ್ ಎಳೆದು ಮುಚ್ಚಿದರು.

“ಕಣ್ಣಿದ್ದವ್ರು ಯಾರೂ ಇಲ್ಲೀತನಕ ಇದನ್ನ ಕೇಳಿಲ್ಲ.”

“ಅವ್ರು ಫೋಟೋ ನೋಡಿ ಕೈಮಗ್ಗದ್ದ ಅಂತ ತಿಳಕೊಂಡು, ಕೈಮಗ್ಗದ ರೇಟು ಕೊಟ್ಟು ಸುಮ್ಮಾಗ್ಯಾರ್ರಿ. ಈಗ ಏನ್ ಬರೀಲಿ?”

“ಖರೇನ ಆಕಿಗೆ ಕಣ್ಣು ಕಾಣೂದಿಲ್ಲೇನು?”

“ಇಲ್ರಿ. ಏನ್ ಬರೀಲಿ, ಹೇಳ್ರಿ.”

ಗಂಗಾವತಿ ಬಸ್ಸು ಬಂತು. ಸಾವುಕಾರರು ಚೀಲ ಎತ್ತಿಕೊಂಡು ಎದ್ದರು.

“ಏನೂ ಬರೀಬ್ಯಾಡ. ಫೋಟೋ ಅಂತನ ಇರ್ಲಿ ಬಿಡು,” ಎಂದವರೇ ಅವಳ ಮುಖ ನೋಡದೆ ಬಸ್ಸು ಹತ್ತಿದರು.