ಅಪ್ಪನ ಹೆಜ್ಜೆ ತಪ್ಪಿದ್ದು

ತರಕಾರಿ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದ ಗೃಹಿಣಿಯ ಕಿವಿಗೆ ಪಕ್ಕದ ಬೆಂಚಿನ ಅಣ್ಣ ತಂಗಿಯ ಮಾತು ಬಿತ್ತು.

"ಬಿಡಣ್ಣ, ನಾನು ಹಾಸ್ಟೆಲಿಗೆ ಹೋಗ್ತೀನಿ."

"ಅಕ್ಕನ ಮದುವೆಗೆ ಡಿಜೆ ನಾನೇ ಅಂತ ಮೆರೆದೋಳು, ಮಾರನೇ ದಿನಾನೇ ಓಡೋದಾ?"

"ಮುಂದಿನ ಹಾಡಿನ ಬೀಟ್ ಓಡ್ತಿದ್ದ ಹಾಡಿಗಿಂತ ಹಿಂದೆ ಬಿದ್ದಿತ್ತು. ಹೆಡ್‌ಫೋನಲ್ಲಿ ಕೇಳ್ತಾ ಅದನ್ನ ಮುಂದೆ ತಳ್ಳಿ ತಾಳ ಕೂಡಿಸಬೇಕಿತ್ತು. ಅಪ್ಪ ಅಕ್ಕ ಇಬ್ಬರೂ ಕುಣೀತಿದ್ದ ಹಾಡನ್ನೇ ತಪ್ಪಿ ತಳ್ಳಿಬಿಟ್ಟೆ, ತಾಳ ಎಗರಿಹೋಯ್ತು."

"ಅದಕ್ಕಾ ಅಪ್ಪ ಮುಗ್ಗರಿಸಿದ್ದು?"

"ಹೂಂ. ಅಪ್ಪಂಗೆ ಕುಣಿಯೋಕೆ ಬರಲ್ಲ ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ."

"ಈಗ ಹೋಗಿ ಅಪ್ಪಂಗೆ ನಿಜ ಹೇಳು."

"ಯಾವ ಮುಖ ಇಟ್ಕೊಂಡು?"

"ಇರೋದೊಂದೇ ಅಲ್ವೇನೇ, ಅದನ್ನೇ ತಗೊಂಡು ಹೋಗು. ಅಪ್ಪ ಬೆಳಗಿಂದ ಅಡುಗೆಮನೇಲಿ ಒಬ್ಬರೇ ಹೆಜ್ಜೆ ಹಾಕಿ ಕುಣಿಯೋದು ಕಲೀತಿದಾರೆ."

ಬಸ್ಸು ಬಂತು. ಗೃಹಿಣಿ ಹತ್ತಿ ಕಿಟಕಿಯಿಂದ ನೋಡಿದಳು. ಹುಡುಗಿ ತಲೆ ತಗ್ಗಿಸಿಕೊಂಡೇ ಮನೆಯ ದಾರಿ ಹಿಡಿದಿದ್ದಳು.