ಬ್ಯಾಡ ಅಂದ ಪ್ರೊಸೆಸರ್

"ಏಳನೇತ್ತಕ್ಕ ಸಾಲಿ ಬಿಟ್ಟಾಂವನ ಕೈಯಾಗ ಪ್ರೊಸೆಸರ್ ಕೊಟ್ಟಿದ್ದ ನನ್ನ ತಪ್ಪು!" ಎಂದು ಅಕ್ಕಿ ಗಿರಣಿಯ ಎಂಜಿನಿಯರ್ ದೊಡ್ಡಬಸಪ್ಪ, ಗಂಗಾವತಿಗೆ ಹೋಗುವ ಬಸ್ಸಿಗೆ ಸಾಲುಗಟ್ಟಿದ್ದ ಪಾಳೆಯಲ್ಲೇ ಕೂಗಿದರು. ಪಾಳೆಯವರೆಲ್ಲ ತಿರುಗಿದರು. ಗಿರಣಿಯ ಮೋಟರ್ ನಡೆಸುವ ಪ್ರೊಸೆಸರ್‌ಗೆ ಪ್ರೋಗ್ರಾಮು ಬರೆಯುತ್ತಿದ್ದ, ಈಗ ಚೀಲ ಹಿಡಿದು ಊರಿಗೆ ಹೊರಟು ನಿಂತಿದ್ದ ವೆಂಕೋಬನ ಮುಖ ಕೆಂಡವಾಯಿತು.

"ನಿನ್ನೆ ಮೋಟರ್ ನಿಂದ್ರಲೇ ಇಲ್ಲ. ಗುಂಡಿ ಒತ್ತಿದ್ದು ನೋಡೂ ಪ್ರೋಗ್ರಾಮು, ಮೋಟರ್ ನಿಂದ್ರಸೂ ಆಜ್ಞೇನ ಅಳಿಸಿ ಹಾಕೈತಿ. ಅದಕ್ಯಾಕ ಏನ ಬೇಕಾದ್ರೂ ಮುಟ್ಟೂ ಸೂಪರ್‌ವೈಸರ್ ಅಧಿಕಾರ ಕೊಟ್ಟಿ?"

"ಎಲ್ಲಾದಕ್ಕೂ ಕೊಟ್ಟೀನ್ರಿ. ಕೈ ಕಟ್ಟಿ ಹಾಕೂ ಯೂಸರ್ ಮೋಡಿನಾಗ ಚಿಪ್ ಮಾತುಮಾತಿಗೆ ಬ್ಯಾಡ ಅಂತಿತ್ತು. ಸಿಟ್ಟು ಬಂತು."

"ಚಿಪ್ ಮ್ಯಾಲ?"

"ಮಾಸ್ತರು ಬ್ಯಾಡ ಅಂದ್ರಂತ ಸಾಲೀನ ಬಿಟ್ಟಾಂವ್ರಿ ನಾನು. ಚಿಪ್ ಯಾವ ಲೆಕ್ಕ?"

ಪಾಳೆ ನಕ್ಕಿತು. ತಡೆಯಲಾರದೆ ಅವನೂ ನಕ್ಕ.

"ನಾಳಿಂದ ನನ್ನ ಕೇಳದೇ, ಪ್ರೋಗ್ರಾಮಿನ ಒಂದಕ್ಷರಾನೂ ಮುಟ್ಟಬಾರದು. ಒಪ್ಪಿದ್ರ ಕೆಲಸ ಐತಿ."

"ನನ್ನೂ ಯೂಸರ್ ಮೋಡಿಗೆ ಹಾಕಿದ್ರಿ ಅನ್ರಿ."

"ಹೂಂ. ಒಪ್ಪಿಗೆ ಐತೇನು?"

ವೆಂಕೋಬ ಚೀಲ ಹೆಗಲಿಗೇರಿಸಿ, ಪಾಳೆ ಬಿಟ್ಟು, ಗಿರಣಿಯ ದಾರಿ ಹಿಡಿದ.