ಇಲ್ಲಿ ಕೇಳಿದ್ದು ಇಲ್ಲೇ ಇರಲಿ

ಅಯ್ಯೋ, ಮಷಿನ್ ಯಾಕೆ ನಿಲ್ಲಿಸಿದೆ? ಹೊಲೀತಾ ಇರು ತಾಯಿ, ನಾನೇನು ಜಗಳಕ್ಕೆ ಬಂದಿಲ್ಲ. ನನ್ನ ಮಗನ ಅಂಗಿ ಇದು, ಕಾಲರ್ ಸವೆದಿದೆ ನೋಡು, ತಿರುಗಿಸಿ ಹೊಲಿದುಕೊಟ್ರೆ ಸಾಕು... ಯಾಕೆ ಹಂಗೆ ನೋಡ್ತೀಯ? ಬೇರೆ ದರ್ಜಿ ಇಲ್ವಾ ಅಂತಾನಾ? ಇದಾನೆ, ಮೂಲೆ ಅಂಗಡಿಯೋನು. ಅವನ ಕೈಗೆ ಕೊಟ್ರೆ ಒಂದು ತೋಳು ಅಣ್ಣ, ಇನ್ನೊಂದು ತಮ್ಮ! ನಗು, ನಗು. ನೀನು ನಕ್ಕು ಎಷ್ಟು ದಿನ ಆಯ್ತೋ.

ಸ್ಕೂಲಿನವರು ಯೂನಿಫಾರಂ ಹೊಲಿಗೆ ಕಿತ್ಕೊಂಡ್ರಂತಲ್ಲ. ಥೂ, ಅವರ ಬಾಯಿಗೆ ಮಣ್ಣು ಹಾಕ! ನೀನು ಕುಡಿಯೋದು ಬಿಟ್ಟು ವರ್ಷ ಆಯ್ತು. ಒಂದು ಕಾಲಕ್ಕೆ ಕುಡೀತಿದ್ಲು ಅಂತ ಗೊತ್ತಾದ ಕೂಡ್ಲೇ ನಿನ್ನ ಸೂಜಿ ಸೊಟ್ಟಗಾಗುತ್ತಾ? ಯಾರು ಹಬ್ಬಿಸಿದ್ದು ಗೊತ್ತಾ? ಆ ನಿಮ್ಮ ಕುಡಿತ ಬಿಡೋರ ಮೀಟಿಂಗಲ್ಲಿ ಕಿಟಕಿ ಪಕ್ಕ ಕೂರ್ತಾನಲ್ಲ, ಗಡಿಯಾರ ರಿಪೇರಿಯವನು... ಅವನೇ! ಅವನ ಬಾಯಿಗೆ ಬಾಗಿಲೇ ಇಲ್ಲ. ಅವನ ಎರಡನೇ ಹೆಂಡತಿ ಸಂಗತಿ ಕೇಳಿದೀಯಾ? ...ಆಯ್ತು, ಬೇಡ ಅಂದ್ರೆ ಬಿಟ್ಟೆ.

ನಾನು ಅಲ್ಲಿಗೆ ಹೆಂಗೆ ಬಂದೆ ಅಂತ ನಿಂಗೆ ಹೇಳೇ ಇಲ್ಲ. ನನ್ನ ಮಗ ಪ್ರೆಸ್ಸಲ್ಲಿ ಬೈಂಡಿಂಗ್ ಮಾಡೋನು, ಮೈಯೆಲ್ಲ ಅಂಟು. ಅಂಥೋನು ಗುರುವಾರ ಬಂತು ಅಂದ್ರೆ ಸಂಜೆ ಐದಕ್ಕೆ ಗಡ್ಡ ಕೆರ್ಕೊಂಡು, ಇಸ್ತ್ರಿ ಅಂಗಿ ತೊಟ್ಕೊಂಡು ಮಾಯ! ಹೆಂಡತಿ ಬಿಟ್ಟುಹೋಗಿ ಎರಡು ವರ್ಷ ಆಗಿತ್ತಲ್ಲ, ಯಾರನ್ನೋ ಇಟ್ಕೊಂಡಿದಾನೆ ಅಂದ್ಕೊಂಡೆ. ಸುಳ್ಳು ಯಾಕೆ, ಖುಷೀನೂ ಆಯ್ತು. ಯಾವಳು ಅಂತ ನೋಡೇಬಿಡೋಣ ಅಂತ ಹಿಂದೆಯೇ ಹೋದೆ. ಸೈಕಲ್ ಶಾಪ್ ಪಕ್ಕ, ಬೋರ್ಡಿಲ್ಲ ಗೀರ್ಡಿಲ್ಲ, ಕಡಿದಾದ ಮೆಟ್ಟಿಲು. ಮಂಡಿ ಹಿಡ್ಕೊಂಡು ಹತ್ತಿ ಬಾಗಿಲು ತಳ್ಳಿದ್ರೆ... ದುಂಡಗೆ ಕುರ್ಚಿ ಹಾಕ್ಕೊಂಡು ಹನ್ನೊಂದು ಜನ! ನೀನೇ ಅಲ್ವಾ ಎದ್ದು ಬಂದು ಕೈ ಹಿಡಿದು, "ಬನ್ನಿ ಅಜ್ಜಿ, ಮೊದಲನೇ ದಿನ ಎಲ್ಲರಿಗೂ ಕಾಲು ನಡುಗುತ್ತೆ" ಅಂದಿದ್ದು? ನನ್ನನ್ನೇ ಕುಡುಕಿ ಅಂದ್ಕೊಂಡ್ರಲ್ಲೇ! ಈ ವಯಸ್ಸಲ್ಲಿ! ಮಗನ ಮುಖ ಸುಣ್ಣ ಬಳಿದಂಗಾಗಿತ್ತು.

ಆಮೇಲೆ ಅವನು ಮಾತಾಡಿದ. ಮನೇಲಿ ಮೂರು ಮಾತು ಆಡದೋನು... "ಏಳು ವಾರ ಆಯ್ತು, ಮುಟ್ಟಿಲ್ಲ" ಅಂದ. ಯಾರೂ ಅಡ್ಡ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ, ಸುಮ್ನೆ ಕೇಳಿದ್ರು. ನಂಗೆ ನಾಲಿಗೆ ಕಡೀತಿತ್ತು! ನೀನೂ ಹೇಳಿದೆ... ಈ ಮಷಿನ್ ಡ್ರಾಯರಲ್ಲಿ, ನೂಲಿನುಂಡೆ ಹಿಂದೆ ಬಾಟ್ಲಿ ಬಚ್ಚಿಡ್ತಿದ್ದೆ ಅಂತ. ಕೊನೇಲಿ ಎಲ್ಲರೂ ಎದ್ದು ನಿಂತು, "ಇಲ್ಲಿ ಕೇಳಿದ್ದು ಇಲ್ಲೇ ಇರಲಿ" ಅಂದ್ರಿ. ನಾನೂ ಅಂದೆ. ಅಂದೆ ತಾನೇ?

ಈಗ ಮೂರು ಗುರುವಾರದಿಂದ ಅವನು ಹೋಗ್ತಿಲ್ಲ. ಮೊದಲ ವಾರ ಗೋಡೆ ಕಡೆ ಮುಖ ಮಾಡಿ ಮಲಗಿದ. ಎರಡನೇ ವಾರ ಬಾಯಲ್ಲಿ ವಾಸನೆ. ನಿನ್ನೆ ಬಚ್ಚಲಲ್ಲಿ ಬಿದ್ದಿದ್ದ... ಎತ್ತೋಕಾಗದೆ ಪಕ್ಕದಲ್ಲೇ ಕೂತೆ. ಹೋಗೋ ಅಲ್ಲಿಗೆ ಅಂದ್ರೆ, "ಅಲ್ಲಿಯವರೇ ಊರಿಗೆಲ್ಲ ಸಾರ್ತಾರಲ್ಲಮ್ಮ, ಇವತ್ತು ಅವಳದ್ದು, ನಾಳೆ ನಂದು" ಅಂತಾನೆ. ನಾಳೆ ಗುರುವಾರ ಕಣೇ. ನೀನು ಬಂದು ಕರಿ. ನಿನ್ನ ಮಾತು ಕೇಳ್ತಾನೆ. ಬರ್ತೀಯಲ್ವಾ?

ಹೂಂ ಅನ್ನು. ಇಲ್ಲ, ಉಹೂಂ ಅನ್ನು. ಅಲ್ಲಿಯವರೇ ಸಾರಿದ್ದು ಅಂತ ಅವನಿಗೆ ಯಾರು ಹೇಳಿದ್ರು ಅಂತಾನಾ? ಗಡಿಯಾರದವನು ಅಂತ ನಾನೇ ಹೇಳ್ದೆ. ಇನ್ನೇನು ಹೇಳಲಿ, ಅವನೇ ಅಲ್ವಾ... ಅವನೇ... ಹಂಗೆ ನೋಡ್ಬೇಡ್ವೇ! ಏನಾದ್ರೂ ಅನ್ನು! ಆ ಮಹಡಿ ಮೇಲೆ ಕೂತಂಗೆ ಸುಮ್ನೆ ಕೂತಿದೀಯಲ್ಲ!

...ಹಿಟ್ಟಿನ ಗಿರಣಿ ಮುಂದೆ ಸಾಲಲ್ಲಿ ನಿಂತಿದ್ದೆ. ನರ್ಸಮ್ಮ ಯಾರದ್ದೋ ಸೊಸೆ ಓಡಿಹೋದ ಕತೆ ಹೇಳ್ತಿದ್ಲು, ಎಲ್ಲರೂ ಅವಳ ಸುತ್ತಾನೇ. ನನ್ನ ಹತ್ರ ಅದಕ್ಕಿಂತ ದೊಡ್ಡದಿತ್ತು. ಮಗನ ಹೆಸರು ಎತ್ತಲಿಲ್ಲ, ಅದನ್ನ ಜೋಪಾನ ಮಾಡ್ದೆ. ನಿಂದನ್ನ... ಕೊಟ್ಟುಬಿಟ್ಟೆ. ಡ್ರಾಯರು, ನೂಲಿನುಂಡೆ, ಎಲ್ಲಾನೂ. ಎಲ್ಲರೂ ನನ್ನ ಕಡೆ ತಿರುಗಿದ್ರು. ಅಷ್ಟೇ ಕಣೇ, ಹಿಟ್ಟು ಬೀಸಿ ಮುಗಿಯೋವರೆಗಿನ ಸುಖ.

ಜನ ನಿನ್ನ ಕೇಳಿರ್ತಾರೆ, ಅಲ್ಲಿಗೆ ಇನ್ಯಾರ್ಯಾರು ಬರ್ತಾರೆ ಅಂತ. ನೀನು ನನ್ನ ಮಗನ ಹೆಸರು ಹೇಳಲೇ ಇಲ್ಲ, ಅಲ್ವಾ? ಹೇಳಿದ್ರೆ ಇಷ್ಟೊತ್ತಿಗೆ ನನ್ನ ಕಿವಿಗೇ ಬರ್ತಿತ್ತು.

ಬೈಯೇ. ಆ ಕತ್ತರಿ ತಗೊಂಡು ಬೀಸು ಬೇಕಾದ್ರೆ...

ನಾನೇ ಹೇಳ್ಬೇಕು ಅಂತೀಯ. ಅವನ ಎದುರು ಕೂತು, ಗಡಿಯಾರದವನಲ್ಲ ಕಣಪ್ಪಾ, ಅಲ್ಲಿಯವರು ಯಾರೂ ಅಲ್ಲ, ನಿಮ್ಮಮ್ಮ ಅಂತ. ಹೇಳಿದ್ರೆ ನಾಳೆ ಮೆಟ್ಟಿಲು ಹತ್ತುತ್ತಾನೆ, ಗೊತ್ತು. ಗೊತ್ತು ಕಣೇ. ಆದರೆ ನಿನ್ನೆ ಆ ಬಚ್ಚಲಲ್ಲಿ, ಒದ್ದೆ ನೆಲದ ಮೇಲೆ, ನನ್ನ ತೊಡೆ ಮೇಲೆ ತಲೆ ಇಟ್ಕೊಂಡು ಏನಂದ ಗೊತ್ತಾ? "ನಂಬೋಕೆ ನೀನೊಬ್ಬಳೇ ಉಳಿದಿರೋದು ಅಮ್ಮಾ" ಅಂದ.

ನಾನು ಹೂಂ ಅಂದೆ. ತಲೆ ಸವರ್ತಾ... ಹೂಂ ಅಂದೆ.